ಸೂರಿಲ್ಲದ ಒಂದು ಭಾನುವಾರ

ಕೊಡೆ ಅನ್ನುವುದು ಸೂರು ಹೌದೋ, ಅಲ್ಲವೋ?

ಸುಮ್ಮನೆ ಕೇಳುತ್ತಿಲ್ಲ. ಕಳೆದ ಭಾನುವಾರ ಶಿವನಸಮುದ್ರದ ನಡುರಸ್ತೆಯಲ್ಲಿ ಮೂರು ಸೈಕಲ್ ನಿಂತಿದ್ದವು. ಇಬ್ಬರು ದೊಡ್ಡವರು ನನ್ನ ಮುಖವನ್ನೇ ನೋಡುತ್ತಿದ್ದರು. ಹನಿ ಬೀಳಲು ಶುರುವಾಗಿತ್ತು. ಇದ್ದದ್ದು ಒಂದೇ ಕೊಡೆ. ನೋಡುತ್ತಿದ್ದವರಲ್ಲಿ ಒಬ್ಬಳು ನನ್ನ ಅಕ್ಕ ಸವಿತಾ, ಇನ್ನೊಬ್ಬರು ಅವಳ ಗಂಡ ಮಹೇಶ ಭಾವ. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಇವರಿಬ್ಬರೂ ಒಂದೇ ಕೊಡೆಯ ಕೆಳಗೆ ನಿಲ್ಲಬಹುದೋ, ನಿಲ್ಲಬಾರದೋ? ತೀರ್ಪು ನನ್ನದು.

ಗಂಡ ಹೆಂಡತಿ ಒಂದು ಕೊಡೆ ಕೆಳಗೆ ನಿಂತರೆ ಯಾರ ಗಂಟು ಹೋಗುತ್ತದೆ ಅಂತೀರಾ? ಆಷಾಢ ಸ್ವಾಮಿ, ಆಷಾಢ.

ಈ ಅಂಕಣವನ್ನು ಮೊದಲ ಸಲ ಓದುತ್ತಿರುವವರಿಗಾಗಿ ಎರಡು ಮಾತು. ನಾನು ಸಂತೆಮರಹಳ್ಳಿಯವಳು. ಸೆಕೆಂಡ್ ಪಿಯುಸಿ. ಚರ್ಚಾಸ್ಪರ್ಧೆಯಲ್ಲಿ ತಾಲ್ಲೂಕಿಗೇ ಮೂರನೇ ಸ್ಥಾನ (ಸ್ಪರ್ಧಿಸಿದವರು ಎಷ್ಟು ಜನ ಅಂತ ಕೇಳುವುದು ಸಭ್ಯತೆಯಲ್ಲ). ಹಾಗಾಗಿ ತೀರ್ಪು ಕೊಡುವುದು ನನಗೆ ಹೊಸದೇನಲ್ಲ. ಆದರೆ ಈ ಸಲ ನನ್ನನ್ನು ನ್ಯಾಯಾಧೀಶೆ ಮಾಡಿ ಕಳಿಸಿದ್ದು ನಮ್ಮ ಅವ್ವ. ಅವ್ವನ ಕೋರ್ಟಿಗಿಂತ ಮೇಲೆ ಬೇರೆ ಕೋರ್ಟಿಲ್ಲ.

ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಬರಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಅಳಿಯ ಅತ್ತೆಮನೆ ಬಾಗಿಲಿಗೆ ಬರಬಾರದು. ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರಬಾರದು. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಅವ್ವ ಕಾರಣ ಹೇಳುವುದಿಲ್ಲ, ಕಣ್ಣು ಬಿಡುತ್ತಾಳೆ. ಅದನ್ನು ನೋಡಿದ ಮೇಲೆ ಕಾರಣ ಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಅಕ್ಕನನ್ನು ಕೊಟ್ಟಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿಗೆ. ಅರಿಶಿನ, ಸಣ್ಣ ಈರುಳ್ಳಿ, ಚೆಂಡುಹೂವು ಬೆಳೆಯುವ ಮನೆ. ದೊಡ್ಡ ಮನೆ. ಎಷ್ಟು ದೊಡ್ಡದು ಅಂದರೆ, ಬೇರೆಯವರ ಮದುವೆಗೆ ಆಗುವಷ್ಟು ಅಡುಗೆ ಅವರಲ್ಲಿ ಮಾಮೂಲಿ ಬುಧವಾರಕ್ಕೇ ಆಗುತ್ತದೆ. ದೊಡ್ಡಪ್ಪ, ದೊಡ್ಡವ್ವ, ಚಿಕ್ಕಪ್ಪ, ಅವರ ಮಕ್ಕಳು, ಮಕ್ಕಳ ಮಕ್ಕಳು. ನಾನು ಹೋಗಿದ್ದಾಗ ಮೂರು ಸಲ ಪರಿಚಯ ಮಾಡಿಕೊಂಡೆ. ಮೂರೂ ಸಲ ಬೇರೆ ಬೇರೆ ಜನ ಸಿಕ್ಕರು.

ಆಷಾಢದ ಹಿಂದಿನ ದಿನ ಅಕ್ಕ ಬಂದಿಳಿದಳು. ಹೋದ ಅಕ್ಕ ಬೇರೆ, ಬಂದ ಅಕ್ಕ ಬೇರೆ. ಹೋಗುವಾಗ ನನ್ನ ಜೊತೆ ಜಡೆ ಹಿಡಿದು ಜಗಳವಾಡಿ ಹೋಗಿದ್ದಳು. ಬಂದವಳು ನನ್ನ ಜಡೆ ನೋಡಿಯೂ ಸುಮ್ಮನಿದ್ದಳು. ಮೊದಲ ವಾರ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ, ಒಂದು ಲಂಗವನ್ನು ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ಶ್ರಾವಣಕ್ಕ ನಾನ್ ವಾಪಸ್ ಓಗಲ್ಲ ಕಣಮ್ಮಿ."

ಯಾಕೆ, ಹೊಡೆದರಾ? ಇಲ್ಲ. ಬೈದರಾ? ಇಲ್ಲ. ಕುಡೀತಾರಾ? ಛೇ, ಅದೂ ಇಲ್ಲ. ಮತ್ತೆ? ಮಾತಾಡುವುದಿಲ್ಲವಂತೆ. ಮದುವೆಯಾದ ಮೇಲೆ ಅಲ್ಲಿದ್ದಷ್ಟು ದಿನವೂ ಭಾವ ಇವಳ ಮುಖ ನೋಡಿ ನೆಟ್ಟಗೆ ಒಂದು ಮಾತಾಡಿಲ್ಲವಂತೆ. ಅವರಿಬ್ಬರಿಗೆ ಅಂತ ಕಟ್ಟಿಸುತ್ತಿದ್ದ ಹೊಸ ಕೋಣೆಯ ಗಾರೆ ಇನ್ನೂ ಹಸಿ. ಹೆಂಗಸರೆಲ್ಲ ಪಡಸಾಲೆಯಲ್ಲಿ, ಗಂಡಸರೆಲ್ಲ ಜಗುಲಿಯಲ್ಲಿ ಮಲಗುವ ಏರ್ಪಾಡು. ಹಗಲು ನೋಡಿದರೆ ಇವಳ ಕಡೆ ಬೆನ್ನು ಹಾಕಿ ಹಿತ್ತಲಲ್ಲಿ ಎಮ್ಮೆ ಜೊತೆ ಮಾತು.

"ಎಮ್ಮೆ ಜೊತೆನಾ?" ಅಂದೆ.

"ನನ್ಗಿಂತ ಅದ್ರ ಕೂಡೇ ಜಾಸ್ತಿ ಮಾತಾಡದು."

ನನಗೆ ನಗು ತಡೆಯಲಾಗಲಿಲ್ಲ. ಎಮ್ಮೆ ನಿನಗೆ ಸವತಿ ಕಣೆ, ಅದೂ ಹಾಲು ಕೊಡುವ ಸವತಿ, ನಿನಗೆ ಚಾನ್ಸೇ ಇಲ್ಲ ಅಂದೆ. ಅಕ್ಕ ನಗಲಿಲ್ಲ. ಲಂಗವನ್ನು ತಂತಿ ಮೇಲೆ ಹಾಕಿ, ಅದರ ಮರೆಯಲ್ಲಿ ನಿಂತಳು. ಆ ಮರೆಯಿಂದ ಬಹಳ ಹೊತ್ತು ಈಚೆ ಬರಲಿಲ್ಲ.

(ಇದನ್ನೆಲ್ಲ ಬರೆಯಲು ಅಕ್ಕನ ಪರ್ಮಿಷನ್ ತಗೊಂಡಿದ್ದೇನೆ. ಭಾವನದೂ. ಅವ್ವನದು ತಗೊಂಡಿಲ್ಲ. ಅವ್ವ ಪತ್ರಿಕೆ ಕೊಳ್ಳುವುದು ಅಂಕಣಕ್ಕಲ್ಲ, ಕಪಾಟಿಗೆ ಹಾಸುವುದಕ್ಕೆ. ಆದರೆ ಹಾಸುವ ಮುಂಚೆ ಓದುತ್ತಾಳೆ.)

ಅವ್ವನಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಬರುವ ಉತ್ತರ ನಮಗಿಬ್ಬರಿಗೂ ಬಾಯಿಪಾಠ. ಹೊಡೆಯಲ್ಲ, ಬಯ್ಯಲ್ಲ, ಕುಡಿಯಲ್ಲ, ಇನ್ನೇನ್ ಬೇಕಮ್ಮಿ ನಿಂಗ?

ಹೀಗಿರುವಾಗ ಭಾವನ ಫೋನ್ ಬಂತು. ಅಕ್ಕನಿಗಲ್ಲ, ಅವ್ವನಿಗೆ. ಅವ್ವನಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ. ಹಾಗಾಗಿ ನಮ್ಮ ಮನೆಯ ಎಲ್ಲ ಫೋನೂ ಇಡೀ ಬೀದಿಗೆ ಲೈವ್. ಒಂದು ದಿನ ಸವಿತಾನ ನೋಡಬೇಕಿತ್ತು ಅಂತ ಭಾವ ಕೇಳಿದರು. ಈ ಮನೆ ಹೊಸ್ತಿಲು ಆಗಲ್ಲ ಅಂದಳು ಅವ್ವ. ಹೊಸ್ತಿಲು ಬೇಡ ಅಂದರು ಭಾವ. ಯಾವ ಮನೆ ಸೂರೂ ಆಗಲ್ಲ ಅಂದಳು ಅವ್ವ. ಸೂರೂ ಬೇಡ ಅಂದರು ಭಾವ. ಸೂರಿಲ್ಲದ ಜಾಗ ಎಲ್ಲಿದೆ ಅಂತ ಅವ್ವ ಕೇಳಿದಾಗ ಆ ಕಡೆಯಿಂದ ರೆಡಿ ಉತ್ತರ ಬಂತು. ಶಿವನಸಮುದ್ರ. ಸುತ್ತ ಹೊಳೆ, ಮೇಲೆ ಆಕಾಶ.

ನನಗೆ ಆಗಲೇ ಭಾವನ ಮೇಲೆ ಒಂದು ಚೂರು ಗೌರವ ಬಂತು. ಅವ್ವನ ಎದುರು ಲಾ ಪಾಯಿಂಟ್ ಹಾಕಿದ ಮೊದಲ ಗಂಡಸು.

ಅವ್ವ ಬಿಡುವವಳಾ? ದ್ವೀಪ ಸರಿ, ಅಲ್ಲಿ ಹೇಗೆ ಓಡಾಡುತ್ತೀರಿ? ಕಾರಿಗೆ ಸೂರಿದೆ. ಬಸ್ಸಿಗೆ ಸೂರಿದೆ. ಆಟೋಗೂ ಇದೆ. ಬೈಕಿಗೆ ಸೂರಿಲ್ಲ, ಆದರೆ ಒಂದೇ ಸೀಟು, ಅದು ಸೂರಿಗಿಂತ ಕಡೆ. ಕೊನೆಗೆ ಉಳಿದದ್ದು ಸೈಕಲ್. ಆಳಿಗೊಂದು ಸೈಕಲ್, ಮೇಲೆ ಸೂರಿಲ್ಲ, ಹಿಂದೆ ಸೀಟಿಲ್ಲ. ಜೊತೆಗೆ ಕಾವಲಿಗೆ ನಾನು. ಸಾಯಂಕಾಲ ಬಂದು ಎಲ್ಲ ವರದಿ ಒಪ್ಪಿಸಬೇಕು ಅನ್ನುವುದು ಷರತ್ತು.

ಅಕ್ಕ ಮೊದಲು ಒಲ್ಲೆ ಅಂದಳು. ಅಲ್ಲಿ ಹೋಗಿ ಹೊಳೆ ಜೊತೆ ಮಾತಾಡ್ತಾರೆ, ನಾನು ಕೇಳಿಸಿಕೊಂಡು ಬರಬೇಕಾ, ಅಂದಳು. ಆಮೇಲೆ ರಾಗಿ ಕೇರುತ್ತಾ ಯೋಚಿಸಿ, ಆಯಿತು, ಒಂದು ದಿನ ನೋಡುತ್ತೇನೆ, ಅವತ್ತೂ ಹೀಗೇ ಇದ್ದರೆ ಸಂಜೆ ಬಂದು ಅವ್ವನಿಗೆ ಹೇಳಿಬಿಡುತ್ತೇನೆ, ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವರ ಲಗೇಜ್ ಆಟೋ ಕೊಳ್ಳೇಗಾಲದ ಕಡೆ ಹೊರಟಿತ್ತು. ಹಿಂದುಗಡೆ ಬದನೆಕಾಯಿ ಮೂಟೆಗಳ ಮಧ್ಯೆ ನಮ್ಮ ಎರಡು ಸೈಕಲ್, ಸೈಕಲ್‌ಗಳ ಮಧ್ಯೆ ನಾವು. ಎರಡೂ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದೇ. ಅಕ್ಕನದು ನನ್ನದಕ್ಕಿಂತ ಹಳೆಯದು, ಬೆಲ್ ಒಂದು ಬಿಟ್ಟು ಬೇರೆ ಎಲ್ಲ ಶಬ್ದ ಮಾಡುತ್ತದೆ. ಸತ್ತೇಗಾಲ ದಾಟಿ ಹೊಳೆ ಸೇತುವೆ ಹತ್ತಿರ ನಮ್ಮನ್ನು ಇಳಿಸಿ ಆಟೋ ಹೋಯಿತು. ಸಂಜೆ ಇಲ್ಲೇ ಹತ್ತಿಸಿಕೊಳ್ಳುತ್ತೇನೆ ಅಂದರು ಡ್ರೈವರಣ್ಣ.

ಸೇತುವೆಯ ಆ ತುದಿಯಲ್ಲಿ ಭಾವ ನಿಂತಿದ್ದರು.

ಬಿಳಿ ಶರಟು. ಮಡಚಿದ ಪ್ಯಾಂಟು. ಪಕ್ಕದಲ್ಲಿ ಅವರಪ್ಪನ ಕಾಲದ ಗಂಡಸರ ಸೈಕಲ್, ಎತ್ತರ ನೋಡಿದರೆ ಏಣಿ ಬೇಕು. ಸ್ನೇಹಿತರೊಬ್ಬರ ಪಿಕಪ್‌ನಲ್ಲಿ ಹಾಕಿಸಿಕೊಂಡು ಕತ್ತಲಿರುವಾಗಲೇ ಹೊರಟು ಬಂದಿದ್ದರಂತೆ. ಕೆಳಗೆ ಕಾವೇರಿ ಕೆಂಪಗೆ, ತುಂಬಿಕೊಂಡು, ತಾನು ಯಾರಿಗೂ ದಾರಿ ಕೇಳಬೇಕಿಲ್ಲ ಅನ್ನುವ ಹಾಗೆ ಹೋಗುತ್ತಿದ್ದಳು. ಅಕ್ಕ ಈ ತುದಿಯಲ್ಲಿ, ಭಾವ ಆ ತುದಿಯಲ್ಲಿ. ಇಬ್ಬರೂ ಕೈ ಎತ್ತಲಿಲ್ಲ. ನಾನೇ ಎರಡೂ ಕೈ ಎತ್ತಿ ಬೀಸಿದೆ. ಯಾರಾದರೂ ಒಬ್ಬರು ಬೀಸಬೇಕಲ್ಲ.

ದ್ವೀಪ ಸುತ್ತಲು ಅಲ್ಲಿ ನೆಟ್ಟಗೆ ಒಂದು ರಸ್ತೆ ಇಲ್ಲ. ಟಾರು ರಸ್ತೆ ಒಂದಷ್ಟು, ಗಾಡಿ ದಾರಿ ಒಂದಷ್ಟು, ಗದ್ದೆ ಬದು ಒಂದಷ್ಟು, ಎಲ್ಲ ಸೇರಿಸಿ ಹೊಲೆದುಕೊಂಡರೆ ಒಂದು ಸುತ್ತು. ಯಾರಿಗೂ ಅವಸರವಿರಲಿಲ್ಲ. ಮುಂದೆ ಅಕ್ಕ ಭಾವ ಪಕ್ಕಪಕ್ಕ, ಮಧ್ಯೆ ಒಂದು ಎಮ್ಮೆ ದಾಟುವಷ್ಟು ಜಾಗ. ಹಿಂದೆ ನಾನು, ಹೈಕೋರ್ಟಿನ ಘನತೆಯಲ್ಲಿ.

ಮೊದಲ ಅರ್ಧ ದಾರಿ ಭಾವ ಬಾಯಿ ಬಿಡಲಿಲ್ಲ. ಅಕ್ಕ ಒಂದೆರಡು ಸಲ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ನೋಡ್ದಾ, ಅನ್ನುವ ನೋಟ. ನಾನು ನೋಟ ತಪ್ಪಿಸಿ, ಡಬ್ಬಿಯಿಂದ ಒಂದು ಅಕ್ಕಿರೊಟ್ಟಿ ಎಳೆದು ತಿಂದೆ.

ಆಮೇಲೆ, ಎಲ್ಲಿ ಅಂತ ನೆನಪಿಲ್ಲ, ಗಾಳಿ ಹಿಂದಿನಿಂದ ಬೀಸತೊಡಗಿತು. ತುಳಿಯದಿದ್ದರೂ ಸೈಕಲ್ ಹೋಗುತ್ತಿತ್ತು. ಆಗ ಭಾವ ಶುರು ಮಾಡಿದರು. ಮುಂದಿನ ಚಕ್ರ ನೋಡುತ್ತಾ, ರಸ್ತೆ ನೋಡುತ್ತಾ. ಮುಖ ನೋಡಿ ಮಾತಾಡಬೇಕಾದ ಕಷ್ಟ ಸೈಕಲ್ ಮೇಲೆ ಇಲ್ಲವಲ್ಲ. ಅವರ ಚೆಂಡುಹೂವಿನ ಹೊಲ ಹೈವೇ ಪಕ್ಕದಲ್ಲೇ ಇದೆ. ಕೇರಳದ ಕಾರುಗಳೆಲ್ಲ ಅಲ್ಲಿ ನಿಂತು ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತವೆ. ಬೈಯಬೇಕಲ್ಲ ಅಂತ ಭಾವ ಮಲಯಾಳಂ ಕಲಿತರು. ಬೈಯುವಷ್ಟು ಬಂತು. ಆಮೇಲೆ ಅವರೇ ಯಾರದೋ ಮಗುವನ್ನು ಎತ್ತಿಕೊಂಡು ಹೂವಿನ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋ ಈಗ ಕೋಳಿಕ್ಕೋಡಿನ ಯಾವುದೋ ಮನೆಯಲ್ಲಿರಬಹುದು, ಅವರ ಮನೆ ಷೋಕೇಸಿನಲ್ಲಿ ನಾನು ಯಾರೋ ಒಬ್ಬ ಮಾವ, ಅಂದರು.

ಅಕ್ಕ ನಕ್ಕಳು. ನಾನು ಸುಮ್ಮನೆ ಕಲ್ಪಿಸಿಕೊಂಡೆನೇ? ಇಲ್ಲ. ಆ ನಗುವಿಗೆ ಅವಳ ಸೈಕಲ್ಲಿನ ಬೆಲ್ ಕೂಡ ತಾನಾಗಿಯೇ ಒಂದು ಸಲ ಬಾರಿಸಿಕೊಂಡಿತು ಅಂತ ನಾನು ಪ್ರಮಾಣ ಮಾಡಬಲ್ಲೆ.

ನಡುಹಗಲಾದರೂ ಬಿಸಿಲಿರಲಿಲ್ಲ. ಮೋಡದ ಒಳಗಿನಿಂದ ಬೆಳಕು ಸೋಸಿ ಬರುತ್ತಿತ್ತು, ಹಾಲಿಗೆ ಅರಿಶಿನ ಕಲಸಿದ ಹಾಗೆ. ಗದ್ದೆಗಳ ಮೇಲೆ ಬೆಳ್ಳಕ್ಕಿಗಳು ನಿಂತಿದ್ದವು, ಯಾರೋ ಇಟ್ಟು ಮರೆತು ಹೋದ ಹಾಗೆ. ಯಾವ ಕಡೆ ತಿರುಗಿದರೂ ನೀರಿನ ಸದ್ದು. ಹತ್ತಿರದ್ದೋ ದೂರದ್ದೋ ತಿಳಿಯುವುದಿಲ್ಲ. ಹೊಳೆಯ ದಡದಲ್ಲಿ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನೀರನ್ನೇ ನೋಡಿದೆ. ನೋಡನೋಡುತ್ತಾ ನೀರು ನಿಂತುಬಿಟ್ಟಿತು. ದ್ವೀಪವೇ ಹೊರಟಿತು. ನಾವು ಮೂವರು, ಮೂರು ಸೈಕಲ್, ಗುಡಿ, ಗದ್ದೆ, ಬೆಳ್ಳಕ್ಕಿ, ಎಲ್ಲ ಸೇರಿ ಒಂದು ತೆಪ್ಪದ ಹಾಗೆ ಮೆಲ್ಲಗೆ ಮೇಲುಹೊಳೆಗೆ ತೇಲಿಕೊಂಡು ಹೋಗುತ್ತಿದ್ದೆವು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಈ ದ್ವೀಪ ಹೀಗೇ ಹೋಗಿ ಹೋಗಿ, ಆಷಾಢವೂ ಇಲ್ಲದ ಶ್ರಾವಣವೂ ಇಲ್ಲದ ಒಂದು ಕಡೆ ತಗುಲಿಕೊಂಡರೆ ಎಷ್ಟು ಚೆನ್ನ ಅನ್ನಿಸಿತು.

ಕಣ್ಣು ಮಿಟುಕಿಸಿದೆ. ನೀರು ಮತ್ತೆ ಹರಿಯಿತು. ಡ್ಯೂಟಿ ನೆನಪಾಯಿತು.

ಡ್ಯೂಟಿ ಅಂದರೆ ಡ್ಯೂಟಿ. ಆಲದ ಮರದ ಕೆಳಗೆ ಇಬ್ಬರೂ ಕೂರಬಹುದೇ? ಕೂರಬಹುದು, ಎಲೆ ಮಧ್ಯೆ ಆಕಾಶ ಕಾಣುತ್ತದೆ, ಸೂರಲ್ಲ. ಎಳನೀರು ಅಂಗಡಿಯ ಟಾರ್ಪಾಲು? ಭಾವನ ಸ್ಟೂಲನ್ನು ಈಚೆ ಎಳೆಸಿದೆ. ತಲೆ ಬಯಲಿನಲ್ಲಿ, ಕಾಲು ಟಾರ್ಪಾಲಿನ ಕೆಳಗೆ. ಪಾಸ್. ಎಳನೀರಿನವರು ಕೊಚ್ಚುವುದನ್ನು ನಿಲ್ಲಿಸಿ, ಏನಮ್ಮಾ ಅವರಿಗೇನಾದರೂ ಅಂಟುರೋಗವಾ ಅಂತ ಕೇಳಿದರು. ಹೌದು, ಹೊಸದಾಗಿ ಮದುವೆಯಾಗಿದೆ ಅಂದೆ.

ರಂಗನಾಥನ ಗುಡಿ ಹೆಚ್ಚು ಕಷ್ಟದ ಕೇಸು. ಸೂರೂ ಇದೆ, ಹೊಸ್ತಿಲೂ ಇದೆ. ಅಕ್ಕ ಒಳಗೆ ಹೋದಾಗ ಭಾವ ಹೊರಗೆ. ಅಕ್ಕ ಬಂದ ಮೇಲೆ ಭಾವ ಒಳಗೆ. ಪೂಜಾರರು ಇಬ್ಬರನ್ನೂ ನೋಡಿ, ಜಗಳವೇನಪ್ಪ ಅಂದರು. ಇನ್ನೂ ಶುರುವಾಗಿಲ್ಲ ಸ್ವಾಮಿ, ಪರಿಚಯವೇ ಆಗಿಲ್ಲ, ಅಂದೆ ನಾನು. ತಮಾಷೆಗೆ ಅಂದದ್ದು. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ಒಂದು ಗಳಿಗೆ ನಿಂತಳು.

ಭರಚುಕ್ಕಿಯಲ್ಲಿ ಜನವೋ ಜನ. ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ, ಮೇಲಿನಿಂದಲೇ ನೋಡಬೇಕು. ನೀರು ಬೀಳುವ ಸದ್ದಿಗೆ ನಾನು ತಿಂದ ಅಕ್ಕಿರೊಟ್ಟಿ ಒಳಗೆ ಎದ್ದು ಕೂತಿತು. ಮೀನು ಕರಿಯುವ ವಾಸನೆ ಬೇರೆ. (ಆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾದ ಮನೆಯಲ್ಲಿ ಹುಟ್ಟಿದ್ದೇನೆ. ಮೂಗಿಗೆ ಇನ್ನೂ ಯಾರೂ ತಿಳಿಸಿಲ್ಲ.) ಕಂಬಿ ಹಿಡಿದು ಅಕ್ಕ ನಿಂತಿದ್ದಳು, ಪಕ್ಕದಲ್ಲಿ ಭಾವ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನೀರಿನ ಹೊಗೆ ಬಂದು ಇಬ್ಬರ ಮುಖವನ್ನೂ ಒಂದೇ ಸಮ ಒದ್ದೆ ಮಾಡಿ ಹೋಗುತ್ತಿತ್ತು. ಭಾವ ಏನೋ ಹೇಳಿದರು. ಅಕ್ಕ ಕಿವಿಗೆ ಕೈ ಇಟ್ಟು ಏನು ಅಂದಳು. ಅವರು ತಲೆಯಾಡಿಸಿ ಏನಿಲ್ಲ ಅಂದುಬಿಟ್ಟರು.

ಆ ಏನಿಲ್ಲದಲ್ಲಿ ಅಕ್ಕನ ಮುಖ ಮತ್ತೆ ಮಹಡಿ ಮೇಲಿನ ಮುಖವಾಯಿತು. ಸಂಜೆಗೆ ಇನ್ನು ಬಹಳ ಹೊತ್ತಿರಲಿಲ್ಲ.

ಅಲ್ಲಿಂದ ಹೊರಟು ಊರಿನ ಕಡೆ ತಿರುಗಿದಾಗ ಹನಿ ಶುರುವಾದದ್ದು. ನಾನು ಆಗಲೇ ಹೇಳಿದ ಕೊಡೆಯ ಕೇಸು ಬಂದದ್ದು. ತೀರ್ಪು ಕೊಟ್ಟೆ. ಕೊಡೆ ಸೂರೇ. ನಡುವೆ ಕಂಬವಿದೆ, ಸುತ್ತ ಅಂಚಿದೆ, ಅಂಚಿನಿಂದ ನೀರು ಇಳಿಯುತ್ತದೆ, ಇನ್ನೇನು ಬೇಕು? ಹಾಗಾದರೆ ಕೊಡೆ ಯಾರಿಗೆ? ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಪಕ್ಷಪಾತ. ಹಾಗಾಗಿ ನಾನೇ ಇಟ್ಟುಕೊಂಡೆ. ಆಷಾಢದ ಗಾಳಿ ನನ್ನಂಥ ಜಡ್ಜುಗಳನ್ನು ಬಹಳ ನೋಡಿದೆ. ಒಂದೇ ಬೀಸಿಗೆ ಕೊಡೆ ತಿರುವಿಕೊಂಡು, ಕಡ್ಡಿ ಬೇರೆ ಬಟ್ಟೆ ಬೇರೆ ಆಗಿ ಗದ್ದೆಗೆ ಹಾರಿತು.

ಮಳೆ ಜೋರಾಯಿತು. ಮುಂದೆ ಒಂದು ಬಸ್‌ಸ್ಟಾಪ್ ಕಂಡಿತು. ಕಲ್ಲುಬೆಂಚು, ಮೇಲೆ ಶೀಟು. ನಾನೂ ಅಕ್ಕನೂ ಸೈಕಲ್ ಬಿಸಾಡಿ ಒಳಗೆ ಓಡಿದೆವು. ಭಾವ ಬರಲಿಲ್ಲ. ಬಿದ್ದ ಸೈಕಲ್‌ಗಳನ್ನು ಒಂದೊಂದಾಗಿ ಎತ್ತಿ, ಸ್ಟ್ಯಾಂಡು ಹಾಕಿ, ಅಲ್ಲೇ ನಿಂತರು. ಬಿಳಿ ಶರಟು ಮೈಗೆ ಅಂಟಿಕೊಂಡಿತು. ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು.

"ಒಳಗ್ ಬನ್ನಿ," ಅಂದಳು ಅಕ್ಕ. "ನೆನೀತಾ ಇದ್ದೀರಿ."

"ಅತ್ತೆಗ ಮಾತ್ ಕೊಟ್ಟಿವ್ನಿ ಕಣಮ್ಮಿ."

"ಅವ್ವ ಇಲ್ಲಿಲ್ಲ."

"ಇಲ್ದಿರ ಕಡೆನೇ ಅಲ್ವಾ ಮಾತ್ ಉಳ್ಸ್ಕಬೇಕಾದು."

ನಾನು ಕೋರ್ಟಿಗೆ ರಜೆ ಕೊಟ್ಟೆ, ಬನ್ನಿ ಭಾವ, ನಾನೇನೂ ಹೇಳಲ್ಲ ಅಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಕ್ಕನಿಗೆ ಎಲ್ಲಿತ್ತೋ, ಅಷ್ಟು ದಿನದ್ದೆಲ್ಲ ಒಂದೇ ಸಲ ಬಂತು.

"ನಮ್ಮವ್ವನ ಕೂಡ ಅಷ್ಟೊಂದ್ ಮಾತಾಡ್ತೀರಿ. ಎಮ್ಮೆ ಕೂಡ ದಿನಾ ಮಾತಾಡ್ತೀರಿ. ನನ್ ಕೂಡ ಮಾತ್ರ ನಿಮ್ಗೇನೂ ಇಲ್ವಾ?"

ಭಾವ ಮುಖದ ಮೇಲಿನ ನೀರು ಒರೆಸಿಕೊಂಡರು. ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಎಮ್ಮೆ ಕೂಡ ನಾನ್ಯಾಕ ಮಾತಾಡ್ಲಿ? ನಿಂಗೇ ಅಲ್ವಾ ಯೋಳ್ತಿದ್ದುದು?"

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಅವರ ಮನೆಯಲ್ಲಿ ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಹಿರಿಯರ ಎದುರು ನೇರ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ದನಕ್ಕೆ ಹೇಳುವುದು, ಹೆಂಡತಿ ಅಡುಗೆಮನೆ ಕಿಟಕಿಯಿಂದ ಕೇಳಿಸಿಕೊಳ್ಳುವುದು. ಅವರಪ್ಪ ಹಾಗೇ ಮಾಡಿದ್ದು, ದೊಡ್ಡಪ್ಪ ಹಾಗೇ ಮಾಡಿದ್ದು. ಆ ಮನೆಗೆ ಬಂದ ಸೊಸೆಯರೆಲ್ಲ ಅಕ್ಕಪಕ್ಕದ ಊರಿನ ನೆಂಟರಲ್ಲೇ ಬಂದವರು, ಅವರಿಗೆ ಇದು ಗೊತ್ತು. ಇಷ್ಟು ದೂರದಿಂದ ಹೆಣ್ಣು ತಂದಿದ್ದು ಇದೇ ಮೊದಲು. ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಅಂತ ಯಾರಿಗೂ ಹೊಳೆದೇ ಇರಲಿಲ್ಲ.

ಅಕ್ಕ ಬೆಂಚಿನ ತುದಿಗೆ ಬಂದಿದ್ದಳು.

"ಸಂತೆಮರಳ್ಳಿ ಗ್ಯಾಪಕ ಬತ್ತದಾ ಅಂತ ಕೇಳ್ತಿದ್ರಿ."

"ನಿನ್ನೇ."

"ಎಮ್ಮೇನ ನಮ್ಮೂರ್ ಸಂತೆಲಿ ತಂದಿದ್ದು ಅಂದ್ರು. ಅದುಕ್ಕೆ ಕೇಳ್ತಾರೆ ಅನ್ಕಂಡೆ." ಅಕ್ಕನ ದನಿ ಸಣ್ಣಗಾಗಿತ್ತು. "ಯಾಕ ಸರಿಯಾಗ್ ತಿನ್ನಲ್ಲ ಅಂದಿದ್ದು?"

"ನಿನ್ನೇ."

"ಇವತ್ತು ಚೆಂದಾಗ್ ಕಾಣ್ತೀಯ ಅಂದಿದ್ದು?"

ಭಾವ ಸೈಕಲ್ಲಿನ ಹ್ಯಾಂಡಲ್ ನೋಡಿದರು. ಹೌದು ಅಂತ ತಲೆಯಾಡಿಸಿದರು.

"ನಾಳೆ ಮೈ ತೊಳೀಬೇಕು, ವಾಸನೆ ಬತ್ತದ ಅಂದಿದ್ದು?"

ಅವರು ಸ್ವಲ್ಪ ಯೋಚಿಸಿದರು. "ಅದು ಎಮ್ಮೆಗ."

ನಾನು ಜೀವಮಾನದಲ್ಲಿ ಅಷ್ಟು ನಕ್ಕಿಲ್ಲ. ಬೆಂಚಿನಿಂದ ಬಿದ್ದೆ ಅಂತ ಬರೆದರೆ ನಂಬುವುದಿಲ್ಲ, ಬಿದ್ದೆ. ಆದರೆ ಎದ್ದು ನೋಡಿದಾಗ ಅವರಿಬ್ಬರೂ ನಗುತ್ತಿರಲಿಲ್ಲ. ಭಾವ ಮಳೆಯಲ್ಲೇ ಒಂದು ಹೆಜ್ಜೆ ಹತ್ತಿರ ಬಂದು, ಶೀಟಿನಿಂದ ನೀರು ಇಳಿಯುವ ಗೆರೆಯ ಆಚೆಗೆ ನಿಂತಿದ್ದರು. ಈ ಸಲ ಅವಳ ಮುಖವನ್ನೇ ನೋಡುತ್ತಿದ್ದರು.

"ತವರ್ಗ ಬಂದ್ಮೇಲ ಮೆಸೇಜ್ ಆಕುದ್ರೆ ಬರೀ ಎಬ್ಬೆಟ್ಟಿನ ಚಿತ್ರ ಕಳಿಸ್ತೀಯ. ಬರಕ ಇಷ್ಟ ಇಲ್ವೇನೋ ಅನ್ನುಸ್ತು. ಅದುನ್ನ ಕೇಳನ ಅಂತಲೇ ಇಷ್ಟ್ ದೂರ ಕರ್ಸಿದ್ದು. ಆಗ್ಲೇ ನೀರ್ ಬೀಳ ತಾವೂ ಅದುನ್ನೇ ಕೇಳ್ದೆ. ಶ್ರಾವಣಕ್ಕ ವಾಪಸ್ ಬರಕ ನಿಂಗ ಇಷ್ಟ ಅದಾ? ಇಲ್ಲ ಅಂದ್ರೂ ಸರಿ ಕಣಮ್ಮಿ. ನಮ್ಮನೇಲಿ ನಾನೇ ಯೋಳ್ತೀನಿ. ತಪ್ಪು ನಂದೇ ಅಂತೀನಿ. ನಿನ್ ಮೇಲ ಯಾರೂ ಒಂದ್ ಮಾತ್ ಅನ್ಬಾರ್ದು."

ಅಕ್ಕ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೆಟ್ಟಿಲಿಳಿದು ಮಳೆಗೆ ಹೋಗಿ ಅವರ ಪಕ್ಕದಲ್ಲಿ ನಿಂತಳು.

ಸೂರಿನ ಕೆಳಗೆ ನಾನೊಬ್ಬಳೇ ಉಳಿದೆ. ಅವರ ಮೇಲೆ ಏನೂ ಇರಲಿಲ್ಲ. ಮಳೆ ಇತ್ತು, ಅಷ್ಟೇ. ಅಷ್ಟು ಹೊತ್ತು ಇಬ್ಬರು ಬೇರೆ ಬೇರೆ ಒದ್ದೆಯಾಗುತ್ತಿದ್ದವರು ಈಗ ಒಟ್ಟಿಗೆ ಒದ್ದೆಯಾಗುತ್ತಿದ್ದರು. ದೂರದ ಮರ, ಗದ್ದೆ, ರಸ್ತೆ ಎಲ್ಲ ಕರಗಿ ಬೂದುಬಣ್ಣವಾಗಿ, ಇವರಿಬ್ಬರು ಮಾತ್ರ ಮಧ್ಯದಲ್ಲಿ ಉಳಿದ ಹಾಗೆ.

"ಇನ್ಮೇಲ ಏನಿದ್ರೂ ನಂಗೇ ಯೋಳ್ಬೇಕು," ಅಂದಳು ಅಕ್ಕ. "ಎಮ್ಮೆಗಲ್ಲ."

"ದೊಡ್ಡವ್ವ ಇದ್ರೂವಾ?"

"ದೊಡ್ಡವ್ವ ಇದ್ರೂವೆ."

ಭಾವನಿಗೆ ಅದು ಸಣ್ಣ ವಿಷಯವಲ್ಲ. ಅವರ ದೊಡ್ಡವ್ವನನ್ನು ನಾನು ನೋಡಿದ್ದೇನೆ, ಎದುರಿಗೆ ಬಂದರೆ ಕೋಳಿ ಕೂಡ ಸುತ್ತಿ ಹೋಗುತ್ತದೆ. ಅವರು ಬಹಳ ಹೊತ್ತು ಯೋಚಿಸಿದರು. ಅಷ್ಟು ಯೋಚಿಸಿದ್ದೇ ಒಳ್ಳೆಯದಾಯಿತು ಅಂತ ಅಕ್ಕ ಆಮೇಲೆ ಹೇಳಿದಳು, ತಟ್ಟನೆ ಹೂಂ ಅಂದಿದ್ದರೆ ನಂಬುತ್ತಿರಲಿಲ್ಲವಂತೆ.

"ಆಯ್ತು," ಅಂದರು ಭಾವ. "ಬೈಸ್ಕತೀನಿ."

ಮಳೆ ಸಣ್ಣಗಾಯಿತು. ಮನೆಗೆ ಹೊರಡುವ ಹೊತ್ತು. ಇವರು ಸೈಕಲ್ ಹತ್ತಿದವರು ಸೇತುವೆ ಕಡೆ ತಿರುಗಲಿಲ್ಲ. ಏನೂ ಮಾತಾಡಿಕೊಳ್ಳದೆ ಇಬ್ಬರೂ ಬಂದ ದಾರಿಯಲ್ಲೇ ಮತ್ತೆ ಹೊರಟರು, ದ್ವೀಪಕ್ಕೆ ಇನ್ನೊಂದು ಸುತ್ತು. ನನ್ನ ಮಂಡಿಗಳನ್ನು ಯಾರೂ ಕೇಳಲಿಲ್ಲ. ಮುಂದೆ ಎರಡು ಸೈಕಲ್ ಹೋಗುತ್ತಿದ್ದವು, ಈಗ ಮಧ್ಯೆ ಎಮ್ಮೆಯಲ್ಲ, ಕರುವೂ ದಾಟುವ ಹಾಗಿರಲಿಲ್ಲ. ಅಕ್ಕ ಮಾತಾಡುತ್ತಿದ್ದಳು. ಭಾವ ತಲೆಯಾಡಿಸುತ್ತಿದ್ದರು. ಒದ್ದೆ ರಸ್ತೆಯ ಮೇಲೆ ಆಕಾಶ ಬಿದ್ದಿತ್ತು, ಅವರು ಅದರ ಮೇಲೆ ಹೋಗುತ್ತಿದ್ದರು. ನಾನು ಹಿಂದೆ ಉಳಿದೆ. ಬೇಕಂತಲೇ ಉಳಿದೆ (ಮಂಡಿಯೂ ಒಂದು ಕಾರಣ).

ಸೇತುವೆ ಹತ್ತಿರ ಆಟೋದವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು. ಭಾವ ಆ ಕಡೆ, ನಾವು ಈ ಕಡೆ. ಖಾಲಿ ಮೂಟೆಗಳ ಮೇಲೆ ಕೂತು, ಒದ್ದೆ ಜಡೆ ಹಿಂಡಿಕೊಳ್ಳುತ್ತಾ ಅಕ್ಕ ಹೇಳಿದಳು, "ಓಯ್ತೀನಿ ಕಣಮ್ಮಿ."

"ಅಷ್ಟು ಬೇಗ ಮನಸ್ಸು ತಿರುಗ್ತಾ? ಎಮ್ಮೆ ಕೇಸ್ ಗೆದ್ದೆ ಅಂತಾನಾ?"

"ಅಲ್ಲ. ಕೇಳುದ್ರಲ್ಲ, ಅದುಕ್ಕೆ."

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೂತಿದ್ದಳು. ವಿಚಾರಣೆ ನಡೆಯಿತು. ಮರದ ಕೆಳಗೆ ಕೂತರಾ, ಗುಡಿಗೆ ಒಟ್ಟಿಗೆ ಹೋದರಾ, ಹೋಟೆಲಿಗೆ ಹೊಕ್ಕರಾ, ಮಳೆ ಬಂದಾಗ ಎಲ್ಲಿ ನಿಂತರು? ಎಲ್ಲಕ್ಕೂ ಸಾಕ್ಷಿ ಸಮೇತ ಉತ್ತರ ಕೊಟ್ಟೆ. ಇಬ್ಬರೂ ತೊಪ್ಪೆಯಾಗಿ ನೆಂದರು ಅಂದಾಗ ಅವ್ವನಿಗೆ ಎಷ್ಟು ಸಂತೋಷವಾಯಿತು ಅಂದರೆ, ಎದ್ದು ಹೋಗಿ ಅಳಿಯನಿಗೆ ಫೋನ್ ಮಾಡಿ, ಮೆಣಸಿನ ಕಷಾಯ ಕುಡೀರಿ ಅಂದಳು. ಸ್ಪೀಕರ್‌ನಲ್ಲಿ. ಬೀದಿಯವರೆಲ್ಲ ಅವತ್ತು ರಾತ್ರಿ ಕಷಾಯ ಕುಡಿದಿರಬೇಕು.

ಅವ್ವ ಎಲ್ಲವನ್ನೂ ಕೇಳಿದಳು. ಒಂದನ್ನು ಬಿಟ್ಟು. ಅಪ್ಪನೂ ಅದನ್ನು ಕೇಳಿರಲಿಲ್ಲ. ಇಷ್ಟು ದಿನದಲ್ಲಿ ಬಂದು ಹೋದ ನೆಂಟರು, ಎಷ್ಟು ಸೀರೆ ಕೊಟ್ಟರು, ಅತ್ತೆ ಹೇಗೆ, ಮೈ ತುಂಬಿಕೊಂಡಿದ್ದೀಯ, ಇಳಿದು ಹೋಗಿದ್ದೀಯ, ಏನಾದರೂ ವಿಶೇಷವಾ, ಇದನ್ನೆಲ್ಲ ಕೇಳಿದರು. ಅದೊಂದನ್ನು ಕೇಳಿದ್ದು ಮಳೆಯಲ್ಲಿ ನಿಂತಿದ್ದ ಆ ಒಬ್ಬ ಮನುಷ್ಯ.

ಈಗ ಆಷಾಢ. ನಿಮ್ಮ ಬೀದಿಯಲ್ಲೂ ಹೊಸ ಬಳೆ ಸದ್ದು ಮಾಡಿಕೊಂಡು ಒಬ್ಬಳು ತವರಿಗೆ ಬಂದಿರುತ್ತಾಳೆ, ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು. ತಲೆಗೆ ಎಣ್ಣೆ ಹಚ್ಚಿದ್ದೀರಿ, ಒಬ್ಬಟ್ಟು ಮಾಡಿ ಹಾಕಿದ್ದೀರಿ, ಕಳಿಸುವ ದಿನಕ್ಕೆ ಸೀರೆಯೂ ತಂದಿಟ್ಟಿದ್ದೀರಿ.

ವಾಪಸ್ ಹೋಗೋಕೆ ಇಷ್ಟ ಇದೆಯಾ ಅಂತ ಅವಳನ್ನ ಕೇಳಿದಿರಾ?